ತಲೆಯಿಲ್ಲದ ಗಿಟಾರು

ತಮ್ಮ ಮನೆಯಲ್ಲಿ ರೇಡಿಯೋ ಇದೆಯೆಂಬುದು ನನಗೆ ಗೊತ್ತು. ಇಲ್ಲದಿದ್ದರೆ ಈ ಪತ್ರಿಕೆ ತಮ್ಮ ಕೈಯಲ್ಲಿ ಇರುತ್ತಿರಲಿಲ್ಲ. ರೇಡಿಯೋ ಇರುವ ಮನೆಯಲ್ಲಿ ಸಂಗೀತದ ವಿಷಯವಾಗಿ ಒಂದಲ್ಲ ಒಂದು ಜಗಳ ಇದ್ದೇ ಇರುತ್ತದೆಂಬುದೂ ನನಗೆ ಗೊತ್ತು. ಅಜ್ಜಿಗೆ ವೀಣೆ ಬೇಕು, ಅಪ್ಪನಿಗೆ ವಾರ್ತೆ ಬೇಕು, ಮಕ್ಕಳಿಗೆ ಚಿತ್ರಗೀತೆ ಬೇಕು. ಇಂಥ ಜಗಳವನ್ನು ರೇಡಿಯೋದ ಕಿವಿ ಹಿಂಡಿ ತೀರಿಸಬಹುದು. ಆದರೆ ನಾನು ಈಗ ಹೇಳಹೊರಟಿರುವ ಜಗಳ ಹಾಗೆ ತೀರುವಂಥದಲ್ಲ. ಅದು ಎರಡೂವರೆ ಲಕ್ಷ ರೂಪಾಯಿನ ಜಗಳ.

ನಾವಿರುವುದು ಮೈಸೂರಿನ ಬೋಗಾದಿಯಲ್ಲಿ. ಹಿಂದೆ ಅದು ಊರ ಪಶ್ಚಿಮಕ್ಕಿದ್ದ ಹಳ್ಳಿ. ಮಾನಸಗಂಗೋತ್ರಿಯನ್ನು ದಾಟಿಕೊಂಡು ಬಂದ ನಗರ ಈಗ ಅದನ್ನು ತನ್ನ ಮಗ್ಗುಲಿಗೆ ಎಳೆದುಕೊಂಡಿದೆ. ಮನೆಗೆ ಮನೆ ಅಂಟಿಕೊಂಡ ಬಡಾವಣೆ. ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಪಕ್ಕದ ಮನೆಯಲ್ಲಿ ಸೀನುತ್ತಾರೆ. ಮನೆಯಲ್ಲಿ ನಾವು ನಾಲ್ವರು: ಎಂಬತ್ತರ ಹತ್ತಿರಕ್ಕೆ ಬಂದ ನನ್ನ ತಾಯಿ, ನನ್ನ ಹೆಂಡತಿ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವ ನಾನು, ಇಪ್ಪತ್ತನಾಲ್ಕು ವರ್ಷದ ಮಗ. ಹುಡುಗ ಕೆಲಸದಲ್ಲಿದ್ದಾನೆ. ಸಂಜೆ ಗೆಳೆಯರ ಜೊತೆಗೂಡಿ ವಾದ್ಯ ನುಡಿಸುತ್ತಾನೆ.

ಒಂದು ಭಾನುವಾರ ಬೆಳಿಗ್ಗೆ, ದೋಸೆ ತಿನ್ನುವ ಹೊತ್ತಿನಲ್ಲಿ ಅವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. “ಇದು ಬೇಸ್ ಗಿಟಾರು. ಬೂಟಿಕ್ ಕೆಲಸ. ತೆಗೆದುಕೊಳ್ಳಬೇಕೆಂದಿದ್ದೇನೆ” ಎಂದ. ನನ್ನ ತಾಯಿಗೆ ಅದು ‘ಭೇಷ್ ಗಿಟಾರು’ ಎಂದು ಕೇಳಿಸಿತು. ಇಂದಿಗೂ ಅವರು ಹಾಗೆಯೇ ಕರೆಯುತ್ತಾರೆ. ನಾನು ಕನ್ನಡಕ ಏರಿಸಿ ನೋಡಿದೆ. ಉದ್ದನೆಯ ಕೊರಳು ಇತ್ತು, ಪುಟ್ಟದೊಂದು ಒಡಲು ಇತ್ತು. ಕೊರಳಿನ ತುದಿಯಲ್ಲಿ, ತಂತಿ ಬಿಗಿಯುವ ಬಿರಡೆಗಳಿರಬೇಕಾದ ಜಾಗದಲ್ಲಿ, ಏನೂ ಇರಲಿಲ್ಲ. ಕತ್ತರಿಸಿ ಹಾಕಿದ ಹಾಗಿತ್ತು. ಬೆಲೆ ಕೇಳಿದೆ. ಅವನು ಹೇಳಿದ್ದು ನನ್ನ ಮೂರು ತಿಂಗಳ ಸಂಬಳ.

“ತಲೆ ಇಲ್ಲವಲ್ಲಪ್ಪ?” ಎಂದೆ.

“ಇಲ್ಲದಿರುವುದಕ್ಕೇ ಆ ಬೆಲೆ” ಎಂದ.

ಪಂಡಿತ ಪರೀಕ್ಷೆಗೆ ಕುಳಿತು ಬಂದವನ ಬಾಯಿ ಸುಮ್ಮನಿರುವುದುಂಟೆ? “ಇದು ಗಿಟಾರಲ್ಲ, ಕಬಂಧ” ಎಂದುಬಿಟ್ಟೆ. ಅರಣ್ಯಕಾಂಡದ ಕಬಂಧನನ್ನು ತಾವೆಲ್ಲ ಬಲ್ಲಿರಿ. ತಲೆಯಿಲ್ಲ, ಯೋಜನದುದ್ದದ ತೋಳು, ಹೊಟ್ಟೆಯಲ್ಲಿ ಬಾಯಿ. ಹೆಂಡತಿ ನಕ್ಕಳು, ನಾನೂ ನಕ್ಕೆ. ಹುಡುಗ ನಗಲಿಲ್ಲ. ನನ್ನ ತಾಯಿಯೂ ನಗಲಿಲ್ಲ. ಅವರು ಚಿತ್ರವನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, “ತಲೆ ಇಲ್ಲದಿದ್ದರೆ ಲಾರಿಯಲ್ಲಿ ಮುರಿಯುವುದೂ ಇಲ್ಲ, ಅಲ್ಲವೆ?” ಎಂದರು.

ನನ್ನ ನಗು ಅಲ್ಲಿಗೆ ನಿಂತಿತು. ಏಕೆ ನಿಂತಿತೆಂಬುದನ್ನು ತಮಗೆ ಹೇಳಬೇಕು.

ನನ್ನ ತಾಯಿಯದೊಂದು ವೀಣೆ ಇದೆ. ಮದುವೆಯಲ್ಲಿ ಅವರ ತಂದೆ ಮಾಡಿಸಿಕೊಟ್ಟದ್ದು; ಮೈಸೂರಿನ ಕೆಲಸ. ಹಲಸಿನ ಮರದ ಕೊಡ, ಅಂಚಿನಲ್ಲಿ ಕೆತ್ತನೆಯ ಕುಸುರಿ, ಕೊರಳಿನ ತುದಿಯಲ್ಲಿ ನಾಲಗೆ ಚಾಚಿದ ಯಾಳಿಯ ಮುಖ. ದೀಪ ಹಚ್ಚಿದ ಮೇಲೆ ಒಂದು ಗಂಟೆ ಅವರು ಅದನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. 1998ರಲ್ಲಿ ನನಗೆ ಮಲೆನಾಡಿನ ಒಂದು ಊರಿಗೆ ವರ್ಗವಾಯಿತು. ಸಾಮಾನು ಲಾರಿಗೆ ಹಾಕುವಾಗ ವೀಣೆಯ ಮರದ ಪೆಟ್ಟಿಗೆ ಹಿಡಿಸಲಿಲ್ಲ. ಪೆಟ್ಟಿಗೆಯನ್ನು ಬಿಟ್ಟು, ವೀಣೆಯನ್ನು ಎರಡು ರಜಾಯಿಗಳಲ್ಲಿ ಸುತ್ತಿ ಮಂಚದ ಮೇಲೆ ಮಲಗಿಸಿದೆವು. ಊರು ಮುಟ್ಟಿ ಬಿಚ್ಚಿ ನೋಡಿದರೆ ಯಾಳಿಯ ಕತ್ತು ಮುರಿದು ತಲೆ ಬೇರೆಯಾಗಿತ್ತು. ಬಿರುಕು ಬಿರಡೆಯ ತೂತುಗಳವರೆಗೆ ಓಡಿತ್ತು. ಅಂಟು ಹಾಕಿಸಿದೆವು. ಆದರೆ ಆ ಮಳೆಯ ಸೀಮೆಯಲ್ಲಿ, ಬಿರುಕು ಬಿಟ್ಟ ಮರದಲ್ಲಿ, ಬಿರಡೆ ನಿಲ್ಲಲಿಲ್ಲ. ಶ್ರುತಿ ಮಾಡಿ ಕೈತೆಗೆಯುವಷ್ಟರಲ್ಲಿ ತಂತಿ ಇಳಿಯುತ್ತಿತ್ತು. ಕೆಲವು ತಿಂಗಳು ಪ್ರಯತ್ನಪಟ್ಟು ತಾಯಿ ಬಿಟ್ಟುಬಿಟ್ಟರು. ಯಾರನ್ನೂ ಒಂದು ಮಾತು ಅನ್ನಲಿಲ್ಲ. ಮೈಸೂರಿಗೆ ಮರಳಿದ ಮೇಲೂ ವೀಣೆ ಅಟ್ಟದಲ್ಲಿಯೇ ಇತ್ತು. ಲಾರಿಯಲ್ಲಿ ಆ ಪೆಟ್ಟಿಗೆಯ ಜಾಗದಲ್ಲಿ ಏನಿತ್ತೆಂದು ತಾವು ಕೇಳಬಹುದು. ನನ್ನ ಪುಸ್ತಕಗಳಿದ್ದವು.

ಆದಕಾರಣ, ಹುಡುಗನ ತಲೆಯಿಲ್ಲದ ವಾದ್ಯವನ್ನು ಹಾಸ್ಯದಿಂದ ತಳ್ಳಿಹಾಕುವ ಅಧಿಕಾರ ನನಗಿಲ್ಲವೆಂದು ತೋರಿತು. ಅದರ ವಿಚಾರವನ್ನು ಸರಿಯಾಗಿ ತಿಳಿದುಕೊಳ್ಳಬೇಕೆಂದು ಮನಸ್ಸು ಮಾಡಿದೆ. ತಿಳಿದದ್ದನ್ನು ತಮ್ಮ ಮುಂದಿಡುತ್ತೇನೆ. ನಾಳೆ ತಮ್ಮ ಮನೆಯ ದೋಸೆಯ ಹೊತ್ತಿಗೂ ಇಂಥದೊಂದು ಚಿತ್ರ ಬಂದೀತು.

ಮೊದಲು ಈ ‘ಬೇಸ್’ ಎಂದರೇನು? ನಮ್ಮ ಮಾತಿನಲ್ಲಿ ಹೇಳುವುದಾದರೆ ಮಂದ್ರ. ಸಾಧಾರಣ ಗಿಟಾರಿಗೆ ಆರು ತಂತಿ. ಮಂದ್ರ ಗಿಟಾರಿಗೆ ಬಹುಮಟ್ಟಿಗೆ ನಾಲ್ಕೇ. ಅವುಗಳಲ್ಲಿ ಅತ್ಯಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಉಳಿದ ಮೂರು ಸುಮಾರು 55, 73, 98 ಸಲ. ಮಾತನಾಡುವ ಗಂಡಸಿನ ಧ್ವನಿ ನೂರು ಕಂಪನದ ಆಸುಪಾಸಿನಲ್ಲಿರುತ್ತದೆ ಎಂದರೆ, ಈ ವಾದ್ಯ ಎಷ್ಟು ಕೆಳಗಿನ ನೆಲಮಾಳಿಗೆಯಲ್ಲಿ ವಾಸಮಾಡುತ್ತದೆಂದು ಊಹಿಸಬಹುದು. ಹಾಡಿನಲ್ಲಿ ಅದನ್ನು ಯಾರೂ ಬೇರೆಯಾಗಿ ಗಮನಿಸುವುದಿಲ್ಲ. ಅದು ನಿಂತುಹೋದಾಗ ಮಾತ್ರ ಏನೋ ಕಳೆದುಹೋಯಿತೆಂದು ಎಲ್ಲರಿಗೂ ತಿಳಿಯುತ್ತದೆ. ಮನೆಯಲ್ಲಿ ಕೆಲವು ಹಿರಿಯರು ಹೀಗೆಯೇ ಇರುತ್ತಾರೆ.

ರೇಡಿಯೋ ಇರುವ ತಮಗೆ ಇಲ್ಲೊಂದು ಸ್ವಾರಸ್ಯ ಹೇಳುತ್ತೇನೆ. ಅಂಗೈಯಗಲದ ರೇಡಿಯೋದ ಪುಟ್ಟ ಸ್ಪೀಕರಿನಿಂದ 41 ಕಂಪನದ ನಾದ ಹೊರಡಲಾರದು. ಆದರೂ ನಮಗೆ ಮಂದ್ರ ಕೇಳಿಸಿದಂತಾಗುತ್ತದೆ. ಮೂಲನಾದದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಅನುಸ್ವರಗಳು ಕಿವಿಗೆ ಬೀಳುತ್ತವೆ. ಅವುಗಳ ಆಧಾರದಿಂದ ಇಲ್ಲದ ಮೂಲವನ್ನು ಮನಸ್ಸು ತಾನೇ ಕಟ್ಟಿಕೊಳ್ಳುತ್ತದೆ. ಹಳೆಯ ಕಾಲದ ದೊಡ್ಡ ಮರದ ಪೆಟ್ಟಿಗೆಯ ರೇಡಿಯೋದ ಧ್ವನಿ ತುಂಬಿಕೊಂಡು ಬರುತ್ತಿದ್ದುದಕ್ಕೂ ಇದೇ ಕಾರಣ: ಅದರ ದೊಡ್ಡ ಸ್ಪೀಕರು ಮತ್ತು ಪೆಟ್ಟಿಗೆ ಕೆಳಗಿನ ನಾದಗಳಿಗೆ ಸ್ವಲ್ಪ ಹೆಚ್ಚು ಎಡೆಗೊಡುತ್ತಿದ್ದವು.

ಈ ವಾದ್ಯದ ಹುಟ್ಟಿಗೂ ರೇಡಿಯೋಗೂ ನಂಟಿದೆ. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ ಎಂಬಾತ 1951ರಲ್ಲಿ ವಿದ್ಯುತ್ತಿನ ಮಂದ್ರ ಗಿಟಾರನ್ನು ಮಾರುಕಟ್ಟೆಗೆ ತಂದ. ಅದಕ್ಕೆ ಮುಂಚೆ ಅಂಥ ಪ್ರಯತ್ನಗಳು ನಡೆದಿದ್ದರೂ ನೆಲೆನಿಂತದ್ದು ಇದು. ಅಲ್ಲಿಯವರೆಗೆ ಮಂದ್ರಕ್ಕೆ ಆಳೆತ್ತರದ ಪಿಟೀಲನ್ನು ನೆಟ್ಟಗೆ ನಿಲ್ಲಿಸಿ ನುಡಿಸಬೇಕಿತ್ತು. ಊರೂರಿಗೆ ಹೊರಲಾರದೆ ವಾದ್ಯಗಾರರು ಸೋತಿದ್ದರು. ಫೆಂಡರನ ಗಿಟಾರಿನಲ್ಲಿ ಮೀಟುವ ತಂತಿಯ ಉದ್ದ 34 ಅಂಗುಲ, ವಾದ್ಯದ ಒಟ್ಟು ಉದ್ದ 46 ಅಂಗುಲದಷ್ಟು. ಒಡಲು ಗಟ್ಟಿ ಮರ, ಟೊಳ್ಳಿಲ್ಲ. ತಂತಿಯ ಕೆಳಗಿರುವ ಅಯಸ್ಕಾಂತದ ಸುರುಳಿ ಅದರ ಕಂಪನವನ್ನು ವಿದ್ಯುತ್ತಿಗೆ ತಿರುಗಿಸಿ ಕಳಿಸುತ್ತದೆ. ನಾದವನ್ನು ದೊಡ್ಡದು ಮಾಡುವುದು ಕೊಡವಲ್ಲ, ಯಂತ್ರ.

ಹಾಗಾದರೆ ತಲೆ ಏತಕ್ಕೆ? ಬಿರಡೆ ಹಿಡಿಯುವುದಕ್ಕೆ ಮಾತ್ರ. ಆ ದಪ್ಪ ತಂತಿಗಳನ್ನು ಬಿಗಿಯಬೇಕಾದರೆ ದಪ್ಪ ಲೋಹದ ಬಿರಡೆಗಳು ಬೇಕು. ಅವು ನಾಲ್ಕೂ ಕೊರಳಿನ ಕಟ್ಟಕಡೆಯಲ್ಲಿ ಕುಳಿತಾಗ ತಕ್ಕಡಿಯ ಒಂದು ಕಡೆ ಜಗ್ಗಿದಂತೆ ವಾದ್ಯದ ತಲೆ ನೆಲದ ಕಡೆಗೆ ಇಳಿಯುತ್ತದೆ. ಸ್ವರ ಒತ್ತಬೇಕಾದ ಎಡಗೈ ಅದನ್ನು ಎತ್ತಿಹಿಡಿಯುವ ಕೂಲಿಯನ್ನೂ ಮಾಡಬೇಕಾಗುತ್ತದೆ. ನಾಲ್ಕು ಕಿಲೋ ತೂಕದ ವಸ್ತುವನ್ನು ಎರಡು ಗಂಟೆ ಹೀಗೆ ಹೆಗಲಿಗೆ ಹಾಕಿಕೊಂಡರೆ ಏನಾಗುವುದೆಂಬುದಕ್ಕೆ ನನ್ನ ಮಗನ ಭುಜಕ್ಕೆ ನನ್ನ ಹೆಂಡತಿ ತಿಕ್ಕಿದ ನೋವಿನೆಣ್ಣೆಯೇ ಸಾಕ್ಷಿ.

ಈ ತಲೆಯನ್ನು ತೆಗೆದು ಹೆಸರಾದವನು ನೆಡ್ ಸ್ಟೈನ್‌ಬರ್ಗರ್ ಎಂಬ ಅಮೆರಿಕದವನು. ಅವನು ವಾದ್ಯಗಾರನಲ್ಲ, ಪೀಠೋಪಕರಣಗಳಿಗೆ ರೂಪ ಕೊಡುವ ಕಸುಬಿನವನು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಗಿಟಾರು ಮಾಡುವವನೊಬ್ಬನ ಜೊತೆ ಒಂದೇ ಕಾರ್ಖಾನೆಯಲ್ಲಿ ಕೆಲಸಮಾಡುವಾಗ, ಕುರ್ಚಿ ಮಾಡುವವನ ಕಣ್ಣಿಂದ ವಾದ್ಯವನ್ನು ನೋಡಿದ. ಕುರ್ಚಿ ಮಾಡುವವನು ಕೇಳುವ ಪ್ರಶ್ನೆ ಒಂದೇ: ಕುಳಿತವನಿಗೆ ಸುಖವೆ? 1980ರ ಹೊತ್ತಿಗೆ ಅವನು ಹೊರತಂದ ‘ಎಲ್-2’ ಎಂಬ ಮಂದ್ರ ಗಿಟಾರಿಗೆ ತಲೆ ಇರಲಿಲ್ಲ. ಮರವೂ ಇರಲಿಲ್ಲ, ಇಂಗಾಲದ ಎಳೆಗಳನ್ನು ರಾಳದಲ್ಲಿ ಸೇರಿಸಿ ಎರೆದ ಅಚ್ಚು ಅದು. ಒಟ್ಟು ಉದ್ದ 39 ಅಂಗುಲದ ಆಸುಪಾಸು. ಮೀಟುವ ತಂತಿಯ ಉದ್ದವನ್ನು ಅವನು ಕುಗ್ಗಿಸಲಿಲ್ಲ. ಮೀಟದ ಭಾಗವನ್ನು ಮಾತ್ರ ತೆಗೆದ. ಬಿರಡೆಗಳನ್ನು ಎಸೆಯಲಿಲ್ಲ; ಒಡಲಿನ ಕೆಳ ಅಂಚಿಗೆ, ಕುದುರೆಯ ಹಿಂದಕ್ಕೆ ಸಾಗಿಸಿದ. ಅಲ್ಲಿ ಸಣ್ಣ ತಿರುಪು ತಿರುಗಿಸಿದರೆ ತಂತಿ ನೇರವಾಗಿ ಹಿಂದಕ್ಕೆ ಎಳೆಯಲ್ಪಡುತ್ತದೆ.

ಇದನ್ನು ತಿಳಿದಾಗ ನನಗೆ ಎರಡು ಸಂಗತಿಗಳು ಹೊಳೆದುವು. ಒಂದು, ಬಾಲದ ಕಡೆಯಿಂದ ಶ್ರುತಿ ಸರಿಮಾಡುವ ಉಪಾಯ ನಮಗೆ ಹೊಸದಲ್ಲ. ವೀಣೆಯ ಕೊಡದ ತುದಿಯಲ್ಲಿ ತಂತಿಗಳನ್ನು ಕಟ್ಟುವ ನಾಗಪಾಶವನ್ನು ತಾವು ನೋಡಿರಬಹುದು. ಅಲ್ಲಿಯ ಲಂಗರುಗಳ ಮೇಲಿರುವ ಸಣ್ಣ ಬಳೆಗಳನ್ನು ಹಿಂದಕ್ಕೆ ಮುಂದಕ್ಕೆ ಸರಿಸಿ ವೈಣಿಕರು ಕೂದಲೆಳೆಯಷ್ಟು ಶ್ರುತಿಯನ್ನು ತಿದ್ದುತ್ತಾರೆ. ದೊಡ್ಡ ತಿದ್ದುಪಡಿ ತಲೆಯ ಕಡೆ, ಸೂಕ್ಷ್ಮವಾದದ್ದು ಬಾಲದ ಕಡೆ. ಸ್ಟೈನ್‌ಬರ್ಗರನು ಎರಡನ್ನೂ ಬಾಲದ ಕಡೆಗೇ ತಂದ, ಅಷ್ಟೆ. ಇನ್ನೊಂದು ಮಾತು: ಅವನ ವಾದ್ಯಕ್ಕೆ 24 ಮೆಟ್ಟಿಲು, ಎರಡು ಸ್ಥಾಯಿ; ನಮ್ಮ ವೀಣೆಗೂ ಅಷ್ಟೇ.

ಎರಡನೆಯ ಸಂಗತಿ ನನ್ನ ಹಾಸ್ಯವನ್ನು ನನಗೇ ತಿರುಗಿಸಿತು. ಕಬಂಧನ ತಲೆಯನ್ನು ಯಾರೂ ಕತ್ತರಿಸಿರಲಿಲ್ಲ. ಇಂದ್ರನ ವಜ್ರಾಯುಧದ ಪೆಟ್ಟಿಗೆ ಅದು ಒಡಲೊಳಕ್ಕೆ ಇಳಿಯಿತೆಂಬುದು ವಾಲ್ಮೀಕಿಯ ಕಥೆ. ಮಹಾಭಾರತದ ರಾಮೋಪಾಖ್ಯಾನವಂತೂ ಅವನನ್ನು ಶಾಪಗ್ರಸ್ತನಾದ ವಿಶ್ವಾವಸುವೆಂಬ ಗಂಧರ್ವನೆನ್ನುತ್ತದೆ. ನಿಘಂಟುಗಳನ್ನು ತೆರೆದರೆ ನಾರದನ ವೀಣೆಗೆ ಮಹತೀ ಎಂದೂ ಸರಸ್ವತಿಯ ವೀಣೆಗೆ ಕಚ್ಛಪೀ ಎಂದೂ ವಿಶ್ವಾವಸುವಿನ ವೀಣೆಗೆ ಬೃಹತೀ, ಅಂದರೆ ದೊಡ್ಡದು, ಎಂದೂ ಹೆಸರಿದೆ. ಹಾಸ್ಯಕ್ಕೆಂದು ಕರೆದ ಹೆಸರು ಸಂಗೀತಗಾರನದೇ ಆಗಿತ್ತು! ಶಾಪ ತೀರಿದ ಕಬಂಧನೇ ರಾಮನಿಗೆ ಸುಗ್ರೀವನಿರುವ ದಾರಿಯನ್ನು ಹೇಳಿದವನು ಎಂಬುದನ್ನೂ ನಾನು ಮರೆಯಬಾರದಿತ್ತು.

ಇನ್ನು ಇದರ ಆಕರ್ಷಣೆ, ಉಪಯೋಗ, ತೊಡಕು, ಈ ಮೂರನ್ನೂ ಬೇರೆ ಬೇರೆ ನೋಡೋಣ.

ಆಕರ್ಷಣೆಯನ್ನು ಅಲ್ಲಗಳೆಯುವಂತಿಲ್ಲ. ಬೇಡದ್ದನ್ನೆಲ್ಲ ಬಿಟ್ಟ ವಸ್ತುವಿಗೆ ಒಂದು ಚೆಲುವಿದೆ. ಹುಡುಗನ ಗೆಳೆಯನೊಬ್ಬನ ಬಳಿ ಇಂಥದೇ ಒಂದು ವಾದ್ಯವಿತ್ತು. ಅದನ್ನು ಒಂದು ದಿನ ಮನೆಗೆ ತಂದರು. ನಾನೇ ಹೆಗಲಿಗೆ ಹಾಕಿಕೊಂಡು ನೋಡಿದೆ. ಎರಡೂ ಕೈ ಬಿಟ್ಟರೂ ಅದು ನಿಂತಲ್ಲೇ ನಿಂತಿತು, ಇಳಿಯಲಿಲ್ಲ, ತಿರುಗಲಿಲ್ಲ. ಹೊಂದಿಕೊಂಡ ಎತ್ತಿನ ಹಾಗೆ.

ಉಪಯೋಗಗಳೂ ನಿಜವಾದವೇ. ಇಂಥ ವಾದ್ಯಗಳು ಮೂರು ಕಿಲೋ ಚಿಲ್ಲರೆ ತೂಗುವುದುಂಟು. ಬೆನ್ನಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಹೋಗುವಾಗ ಮೇಲಿನ ಕೊಂಬೆಗೆ ತಗಲುವುದಿಲ್ಲ. ಸಿಟಿ ಬಸ್ಸಿನಲ್ಲಿ ಪಕ್ಕದವರ ಕನ್ನಡಕಕ್ಕೆ ಅಪಾಯವಿಲ್ಲ. ಪುಟ್ಟ ಕೋಣೆಯಲ್ಲಿ ತಿರುಗಿದರೆ ಗೋಡೆಗೆ ಬಡಿಯುವುದಿಲ್ಲ. ಗಟ್ಟಿ ಒಡಲಿನದಾದ್ದರಿಂದ ಯಂತ್ರಕ್ಕೆ ಜೋಡಿಸದಿದ್ದರೆ ಅದರ ದನಿ ಪಕ್ಕದ ಕೋಣೆಗೂ ಕೇಳದು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ರಾತ್ರಿ ಹನ್ನೊಂದಕ್ಕೂ ಸಾಧನೆ ಮಾಡಬಹುದು. ಒಗ್ಗರಣೆಗೇ ಸೀನುವ ನೆರೆಹೊರೆಯಿರುವ ನಮ್ಮಂಥ ಬಡಾವಣೆಗೆ ಇದು ಸಣ್ಣ ಉಪಕಾರವಲ್ಲ. ಈ ಕೊನೆಯ ಗುಣ ತಲೆಯಿರುವ ವಿದ್ಯುತ್ ಗಿಟಾರಿಗೂ ಇದೆ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.

ತೊಡಕುಗಳು? ಮೊದಲನೆಯದು ತಂತಿ. ಸ್ಟೈನ್‌ಬರ್ಗರನ ಮಾದರಿಯ ವಾದ್ಯಕ್ಕೆ ಎರಡು ತುದಿಯಲ್ಲೂ ಗುಂಡು ಇರುವ, ಅಳತೆಗೆ ಸರಿಯಾಗಿ ಕತ್ತರಿಸಿದ ತಂತಿ ಬೇಕು. ಅದು ಎಲ್ಲ ಅಂಗಡಿಯಲ್ಲಿ ಸಿಕ್ಕುವ ವಸ್ತುವಲ್ಲ. ಈಚಿನ ಎಷ್ಟೋ ವಾದ್ಯಗಳಲ್ಲಿ ಕೊರಳಿನ ತುದಿಗೆ ಒಂದು ಲೋಹದ ಹಿಡಿ ಇದ್ದು, ಸಾಧಾರಣ ತಂತಿಯನ್ನೇ ತೂರಿಸಿ ತಿರುಪಿನಿಂದ ಅದುಮಿ, ಮಿಕ್ಕದ್ದನ್ನು ಕತ್ತರಿಸಬಹುದು. ಕೊಳ್ಳುವವರು ಮೊಟ್ಟಮೊದಲು ಕೇಳತಕ್ಕ ಪ್ರಶ್ನೆ ಇದೇ. ಎರಡನೆಯದು ರಿಪೇರಿ. ಆ ತಿರುಪಿನ ಯಂತ್ರದಲ್ಲಿ ಒಂದು ಹಲ್ಲು ಸವೆದರೆ ಅದಕ್ಕೆ ಬದಲಿ ಭಾಗ ಸಮುದ್ರ ದಾಟಿ ಬರಬೇಕಾಗಬಹುದು. ಮೂರನೆಯದು ಸಣ್ಣ ಪುಟ್ಟವು. ಗೋಡೆಗೆ ತೂಗುಹಾಕುವ ಗೂಟಗಳೆಲ್ಲ ತಲೆಯನ್ನು ಹಿಡಿಯುವಂಥವು, ಇದಕ್ಕೆ ಆಗದು. ಶ್ರುತಿ ತೋರಿಸುವ ಚಿಮಟದಂಥ ಯಂತ್ರವನ್ನು ತಲೆಗೆ ಕಚ್ಚಿಸುವುದು ವಾಡಿಕೆ. ಇಲ್ಲಿ ಕಚ್ಚಿಸಲು ತಲೆ ಎಲ್ಲಿದೆ? ಒಡಲು ತೀರ ಚಿಕ್ಕದಾದರೆ ಕುಳಿತು ನುಡಿಸುವಾಗ ತೊಡೆಯ ಮೇಲೆ ನಿಲ್ಲುವುದೂ ಕಷ್ಟ. ಅದಕ್ಕಾಗಿ ಸ್ಟೈನ್‌ಬರ್ಗರನು ಮಡಿಸುವ ಕಾಲೊಂದನ್ನು ಒಡಲಿಗೆ ಜೋಡಿಸಬೇಕಾಯಿತು. ಒಂದನ್ನು ತೆಗೆದರೆ ಇನ್ನೊಂದನ್ನು ಸೇರಿಸಬೇಕಾಗುತ್ತದೆಂಬುದು ಸಂಸಾರದಲ್ಲಿಯೂ ಸತ್ಯವೇ.

ಹಾಗೆಂದು ಹೊಸ ವಾದ್ಯವೆಂಬ ಒಂದೇ ಕಾರಣಕ್ಕೆ ಮೂಗು ಮುರಿಯುವುದು ಮೈಸೂರಿನವರಿಗೆ ಶೋಭಿಸದು. ನಮ್ಮ ಟಿ. ಚೌಡಯ್ಯನವರು 1927ರಲ್ಲಿ ಪಿಟೀಲಿನ ನಾಲ್ಕು ತಂತಿಗಳಿಗೆ ಮೂರನ್ನು ಸೇರಿಸಿ ಏಳು ಮಾಡಿದರು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವನಿಗೂ ನಾದ ಮುಟ್ಟಬೇಕೆಂಬುದು ಅವರ ಆಸೆ. ಆ ಪಿಟೀಲೇ ಹೊರಗಿನಿಂದ ಬಂದದ್ದು. ಕದ್ರಿ ಗೋಪಾಲನಾಥರು ಹುಡುಗನಾಗಿದ್ದಾಗ ಸ್ಯಾಕ್ಸೊಫೋನನ್ನು ಕಂಡು ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಆ ಹಿತ್ತಾಳೆಯ ಕೊಳಲಿನಿಂದ ಅವರು ನಮ್ಮ ರಾಗಗಳನ್ನೇ ಹೊರಡಿಸಿದರು. ಆದರೆ ಒಂದು ಮಾತನ್ನು ಗಮನಿಸಬೇಕು. ಚೌಡಯ್ಯನವರ ಕೈಯಲ್ಲಿ ಮೊಳಗಿದ ಏಳು ತಂತಿಯ ಪಿಟೀಲನ್ನು ಅವರ ತರುವಾಯ ಎತ್ತಿಕೊಂಡವರು ತೀರ ಕಡಮೆ. ವಾದ್ಯ ಎಷ್ಟೇ ಜಾಣತನದ್ದಾಗಿರಲಿ, ಅದನ್ನು ದಿನಾ ಎತ್ತಿಕೊಳ್ಳುವ ಕೈ ಇಲ್ಲದಿದ್ದರೆ ಅದು ಗಾಜಿನ ಬೀರುವಿನ ಸರಕು.

ಇಲ್ಲಿ ‘ಬೂಟಿಕ್’ ಎಂಬ ಮಾತಿಗೆ ಬರುತ್ತೇನೆ. ಅದು ಫ್ರೆಂಚ್ ಭಾಷೆಯ ಶಬ್ದ. ಮೂಲದಲ್ಲಿ ಅದಕ್ಕೆ ಬರಿಯ ‘ಅಂಗಡಿ’ ಎಂದರ್ಥ. ಈಗ ಅದು ಕಾರ್ಖಾನೆಯ ಸಾಲು ಸರಕಲ್ಲದ, ಕೆಲವೇ ಕೈಗಳು ಕೂಡಿ ಒಂದೊಂದಾಗಿ ಮಾಡುವ ದುಬಾರಿ ವಸ್ತುವಿಗೆ ವಿಶೇಷಣವಾಗಿದೆ. ಮುಂಗಡ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು. ಮರ ಯಾವುದು, ಕೊರಳು ಎಷ್ಟು ದಪ್ಪ ಎಂಬುದನ್ನೆಲ್ಲ ಕೊಳ್ಳುವವನೇ ಹೇಳಬಹುದು. ಹುಡುಗ ಇದನ್ನು ಬಹಳ ಹೊಸ ವಿಚಾರವೆಂಬಂತೆ ವಿವರಿಸಿದ. ನನ್ನ ತಾಯಿ ಕೇಳಿ, “ನನ್ನ ವೀಣೆಯನ್ನೂ ಹಾಗೇ ಮಾಡಿದ್ದು. ನಮ್ಮಪ್ಪ ಮುಂಗಡ ಕೊಟ್ಟು ಏಳು ತಿಂಗಳು ಓಡಾಡಿದರು” ಎಂದರು. ಬೂಟಿಕ್ ಎಂಬ ಮಾತು ಮೈಸೂರಿಗೆ ಬರುವ ಮೊದಲೇ ಆ ಕಸುಬು ಇಲ್ಲಿತ್ತು. ವ್ಯತ್ಯಾಸ ಇಷ್ಟೇ: ವೀಣೆ ಮಾಡಿದವನ ಮನೆಗೆ ನಮ್ಮ ಅಜ್ಜ ನಡೆದುಕೊಂಡು ಹೋಗಬಹುದಾಗಿತ್ತು. ಹೋಗಿ, “ಮೇಣ ಮೆತ್ತಗಾಗಿದೆ, ಮೆಟ್ಟಿಲು ಕೂರಿಸಿಕೊಡಿ” ಎಂದು ಕೇಳಬಹುದಾಗಿತ್ತು. ಕೈಗೆಲಸದ ವಸ್ತುವಿನ ಬೆಲೆಯಲ್ಲಿ ಅರ್ಧ, ಆ ಕೈ ನಮಗೆ ಎಟುಕುವಷ್ಟು ಹತ್ತಿರದಲ್ಲಿರುವುದರ ಬೆಲೆ ಎಂದು ನನಗೆ ತೋರುತ್ತದೆ.

ಇಷ್ಟೆಲ್ಲ ಯೋಚಿಸಿದ ಮೇಲೆ ನನಗೆ ಖಚಿತವಾದದ್ದು ಇದು. ತಲೆ ಇರುವುದೋ ಇಲ್ಲದಿರುವುದೋ ಮುಖ್ಯವಲ್ಲ. ಯಾಳಿಯ ಮುಖಕ್ಕಾಗಿ ವೀಣೆ ಕೊಂಡು ನಡುಮನೆಯಲ್ಲಿ ನಿಲ್ಲಿಸುವವನೂ, ತಲೆಯಿಲ್ಲದ ಬೆಡಗಿಗಾಗಿ ಗಿಟಾರು ಕೊಂಡು ಗೆಳೆಯರಿಗೆ ತೋರಿಸುವವನೂ ಒಂದೇ ಅಂಗಡಿಯ ಗಿರಾಕಿಗಳು. ವಾದ್ಯ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಇದನ್ನು ದಿನಾ ತೊಡೆಯ ಮೇಲೆ ತೆಗೆದುಕೊಳ್ಳುವುದಕ್ಕೆ ಅಡ್ಡಿಯಾಗುವುದು ಯಾವುದು? ಆ ಅಡ್ಡಿಯನ್ನು ಈ ಹಣ ನಿವಾರಿಸುತ್ತದೆಯೆ? ನಾಳೆ ಇದು ಕೆಟ್ಟರೆ ಸರಿಮಾಡುವವರು ಯಾರು? ಭುಜದ ನೋವಿನಿಂದ ಸಾಧನೆ ಬಿಡುವ ಸ್ಥಿತಿ ಬಂದವನಿಗೆ ಎರಡೂವರೆ ಲಕ್ಷ ದುಬಾರಿಯಲ್ಲದಿರಬಹುದು. ಸಾಧನೆಯೇ ಇಲ್ಲದವನಿಗೆ ಎರಡೂವರೆ ಸಾವಿರವೂ ದುಬಾರಿ.

ಇದನ್ನು ಹುಡುಗನಿಗೆ ಹೇಳುವಾಗ ನಾನು ಮೇಷ್ಟರ ಧ್ವನಿಯನ್ನು ಆದಷ್ಟು ಕಡಮೆ ಮಾಡಿಕೊಂಡೆ. ಹಣ ಅವನದೇ, ಆದರೆ ಮನೆಯ ಸಾಲದಲ್ಲಿ ಅವನ ಪಾಲೂ ಇದೆ. ಕೊನೆಗೆ ಒಂದು ಒಪ್ಪಂದವಾಯಿತು. ಒಂದು ವರ್ಷ, ಈಗಿರುವ ತಲೆಯುಳ್ಳ ಹಳೆಯ ಗಿಟಾರಿನಲ್ಲಿಯೇ, ಅಗಲವಾದ ಪಟ್ಟಿ ಹಾಕಿಕೊಂಡು, ದಿನಕ್ಕೊಂದು ಗಂಟೆ ತಪ್ಪದೆ ನುಡಿಸುವುದು. ವರ್ಷ ಕಳೆದಾಗಲೂ ಆಸೆ ಹಾಗೆಯೇ ಇದ್ದರೆ ಸಾಧಾರಣ ತಂತಿ ಹಿಡಿಯುವಂಥದನ್ನೇ ಆರಿಸಿ, ತರಿಸುವುದು, ನಾನು ಚಕಾರವೆತ್ತುವುದಿಲ್ಲ. ಒಂಬತ್ತು ತಿಂಗಳು ಕಳೆದಿವೆ. ಜ್ವರ ಬಂದ ನಾಲ್ಕು ದಿನ ಬಿಟ್ಟರೆ ಅವನು ತಪ್ಪಿಲ್ಲ. ನಾನು ಸೋಲುವ ಲಕ್ಷಣವೇ ಕಾಣುತ್ತಿದೆ.

ಈ ನಡುವೆ ಇನ್ನೊಂದು ಸಂಗತಿ ನಡೆಯಿತು. ಬಿರಡೆಗಳ ವಿಚಾರ ಓದುತ್ತಿದ್ದ ಹುಡುಗ ಒಂದು ದಿನ ಅಟ್ಟ ಹತ್ತಿ ಅಜ್ಜಿಯ ವೀಣೆಯನ್ನು ಇಳಿಸಿದ. ಈಗಿನ ಎಷ್ಟೋ ವೀಣೆಗಳಿಗೆ ಮರದ ಬಿರಡೆಯ ಬದಲು ಗಿಟಾರಿನಂಥ ಹಲ್ಲಿನ ಚಕ್ರದ ಕೀಲಿಗಳನ್ನು ಹಾಕುತ್ತಾರೆ. ತಿರುಗಿಸಿ ಬಿಟ್ಟಲ್ಲಿಯೇ ಅವು ನಿಲ್ಲುತ್ತವೆ, ಜಾರುವುದಿಲ್ಲ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ನನಗೆ ಹೊಳೆಯದ ಉಪಾಯ ಅವನಿಗೆ ಹೊಳೆಯಿತು. ನಿಜ ಹೇಳಬೇಕೆಂದರೆ, ಆ ಪೆಟ್ಟಿಗೆಯ ಕಡೆ ನೋಡುವುದನ್ನೇ ನಾನು ಬಿಟ್ಟಿದ್ದೆ. ಊರಿನಲ್ಲಿಯೇ ವೀಣೆಯ ಕೆಲಸ ಬಲ್ಲ ಒಬ್ಬರ ಬಳಿಗೆ ಒಯ್ದೆವು. ಅವರು ಬಿರುಕಿಗೆ ಮರದ ಚಕ್ಕೆ ಕೂರಿಸಿ, ಹೊಸ ಕೀಲಿ ಹಾಕಿ, ಮೇಣ ಕರಗಿಸಿ 24 ಮೆಟ್ಟಿಲುಗಳನ್ನೂ ಹೊಸದಾಗಿ ನಿಲ್ಲಿಸಿದರು. ಮುರಿದ ಯಾಳಿಯ ತಲೆಯನ್ನು ಕೈಯಲ್ಲಿ ಹಿಡಿದು, “ಇದರಿಂದ ನಾದಕ್ಕೇನೂ ಆಗಬೇಕಾದ್ದಿಲ್ಲ. ಜೋಡಿಸಲೆ, ಬಿಡಲೆ?” ಎಂದು ಕೇಳಿದರು. ಹುಡುಗ, “ಬಿಡಿ, ಹಗುರವಾಗುತ್ತದೆ” ಎಂದ.

“ಕೀಲಿ ನಿನ್ನಿಷ್ಟದ್ದು ಆಯಿತಲ್ಲ” ಎಂದರು ನನ್ನ ತಾಯಿ, “ತಲೆ ನನ್ನಿಷ್ಟದ್ದು ಇರಲಿ. ನುಡಿಸುವಾಗ ನಾನು ಅದರ ಮುಖ ನೋಡುತ್ತೇನೆ.”

ಜೋಡಿಸಿದರು. ಈಗ ದೀಪ ಹಚ್ಚಿದ ಮೇಲೆ ಅವರು ಹದಿನೈದು ನಿಮಿಷ ನುಡಿಸುತ್ತಾರೆ. ಬೆರಳು ಮೊದಲಿನಂತೆ ಓಡುವುದಿಲ್ಲ. ಕೆಲವು ದಿನ ಹುಡುಗ ಪಕ್ಕದಲ್ಲಿ ಕುಳಿತು ತನ್ನ ಗಿಟಾರಿನ ಮಂದ್ರದಲ್ಲಿ ಷಡ್ಜವನ್ನು ಮಾತ್ರ ಹಿಡಿದಿರುತ್ತಾನೆ. ಆಗ ನಮ್ಮ ಮನೆಯ ರೇಡಿಯೋವನ್ನು ನಾನೇ ಎದ್ದು ನಿಲ್ಲಿಸುತ್ತೇನೆ. ಆಕಾಶವಾಣಿಯವರು ದಯವಿಟ್ಟು ಕ್ಷಮಿಸಬೇಕು.

ತಮ್ಮ ಅಟ್ಟದ ಮೇಲೂ ಯಾವುದಾದರೂ ವಾದ್ಯ ಮಲಗಿದ್ದರೆ, ಹೊಸದನ್ನು ಕೊಳ್ಳುವ ಚರ್ಚೆ ಮನೆಯಲ್ಲಿ ಎದ್ದ ದಿನ ಮೊದಲು ಅದನ್ನು ಕೆಳಗಿಳಿಸಿ ನೋಡಿರಿ ಎಂದು ಪ್ರಾರ್ಥಿಸಿ ಈ ಭಾಷಣವನ್ನು ಮುಗಿಸುತ್ತೇನೆ.